ಅಂಗವೈಕಲ್ಯ ಪಿಂಚಣಿ ಅರ್ಜಿ ತಿರಸ್ಕೃತವಾಯಿತೇ? ಮೇಲ್ಮನವಿಗೂ ಮೊದಲು ಬೇಕಾದದ್ದು ಈ ಒಂದು ಕಾಗದ

ಹೈದರಾಬಾದ್: ಅಬಿಡ್ಸ್ ಎಂದರೆ ಕನ್ನಡಿಗರಿಗೆ ಹೊಸ ಜಾಗವಲ್ಲ. ಬೀದರ್, ಕಲಬುರಗಿ, ರಾಯಚೂರು ಸೀಮೆಯ ಜನ 1956ರವರೆಗೆ ಹೈದರಾಬಾದ್ ರಾಜ್ಯದ ಪ್ರಜೆಗಳೇ ಆಗಿದ್ದರು. ರಾಜ್ಯ ಬೇರೆಯಾದ ಮೇಲೂ ಬಟ್ಟೆ ಅಂಗಡಿ, ಹೋಟೆಲ್, ಕಟ್ಟಡ ಕೆಲಸ ಹಾಗೂ ಆಸ್ಪತ್ರೆಗೆಂದು ಈ ಊರಿಗೆ ಬರುವುದು ನಿಂತಿಲ್ಲ. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿಡ್ ಎಂಬಾತನ ಅಂಗಡಿಯಿಂದ ಹೆಸರು ಪಡೆದ ಈ ಬೀದಿಯಲ್ಲಿ ಇಂದಿಗೂ ಕನ್ನಡ ಕಿವಿಗೆ ಬೀಳುತ್ತದೆ.

ಭಾಲ್ಕಿ ಕಡೆಯಿಂದ ಬಂದು, ಅಬಿಡ್ಸ್‌ನ ಬಟ್ಟೆ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷ ಸರಕು ಹೊತ್ತ ಒಬ್ಬ ಕಾರ್ಮಿಕನನ್ನು ಊಹಿಸಿಕೊಳ್ಳಿ. ರಸ್ತೆ ಅಪಘಾತದಲ್ಲಿ ಕಾಲು ಪೆಟ್ಟಾಗಿದೆ. ಕೆಲಸ ಹೋಗಿದೆ. ಪಿಂಚಣಿಗಾಗಿ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಮಂಡಳಿ ಮುಂದೆ ಹಾಜರಾದರೆ ಸಿಕ್ಕಿದ್ದು ಶೇ. 35. ಬೇಕಾದದ್ದು ಶೇ. 40. 'ನಿಮಗೆ ಬರಲ್ಲ' ಎಂಬ ಮಾತಿನೊಂದಿಗೆ ಮನೆಗೆ ಕಳುಹಿಸಲಾಗಿದೆ. ಇನ್ನೇನು ಮಾಡುವುದು?

ಇದು ಕಾಲ್ಪನಿಕ ಉದಾಹರಣೆ. ಆದರೆ ಈ ಐದು ಅಂಕದ ಅಂತರದ ಬೆಲೆ ಕಾಲ್ಪನಿಕವಲ್ಲ. ತೆಲಂಗಾಣದ 'ಆಸರಾ' ಯೋಜನೆಯಡಿ ಅಂಗವಿಕಲರ ಮಾಸಿಕ ಪಿಂಚಣಿ 2014ರಲ್ಲಿ 1,500 ರೂ. ಇತ್ತು. 2019ರಲ್ಲಿ 3,016 ರೂ.ಗೆ, 2023ರಲ್ಲಿ 4,016 ರೂ.ಗೆ ಏರಿತು. ವರ್ಷಕ್ಕೆ ಲೆಕ್ಕ ಹಾಕಿದರೆ 48,192 ರೂ. ಕೂಲಿ ನಿಂತ ಮನೆಗೆ ಇದು ಬಾಡಿಗೆ ಮತ್ತು ಔಷಧದ ದುಡ್ಡು.

ಬಾಯಿಮಾತಿನ 'ಇಲ್ಲ'ಕ್ಕೆ ಮೇಲ್ಮನವಿ ಇಲ್ಲ

ಬಹುತೇಕರು ಎಡವುವುದು ಇಲ್ಲೇ. ಕೌಂಟರ್‌ನಲ್ಲಿ ಯಾರೋ 'ಆಗಲ್ಲ' ಎಂದರು, ಇವರು ವಾಪಸ್ ಬಂದರು. ಮುಂದೆ ಯಾವ ಕಚೇರಿಗೆ ಹೋದರೂ ಕೇಳುವ ಮೊದಲ ಪ್ರಶ್ನೆ 'ತಿರಸ್ಕಾರದ ಆದೇಶ ಎಲ್ಲಿದೆ?' ಎಂಬುದು. ಅದು ಇರುವುದಿಲ್ಲ.

ಕಾನೂನು ಈ ವಿಷಯದಲ್ಲಿ ಅರ್ಜಿದಾರರ ಪರವಾಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಸೆಕ್ಷನ್ 58ರ ಪ್ರಕಾರ, ಪರೀಕ್ಷೆ ನಡೆಸಿದ ವೈದ್ಯಕೀಯ ಪ್ರಾಧಿಕಾರ ಎರಡರಲ್ಲಿ ಒಂದನ್ನು ಮಾಡಲೇಬೇಕು: ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಕಾಯ್ದೆಯಲ್ಲಿ ಹೇಳಿದ ವೈಕಲ್ಯ ಇಲ್ಲ ಎಂದು ಲಿಖಿತವಾಗಿ ತಿಳಿಸಬೇಕು. ಇದಕ್ಕಾಗಿ 2017ರ ನಿಯಮಗಳಲ್ಲಿ ಪ್ರತ್ಯೇಕ ನಮೂನೆಯೇ ಇದೆ. ಅದು ಫಾರ್ಮ್ 8. ತಿರಸ್ಕಾರಕ್ಕೆ ಕಾರಣಗಳನ್ನು ಒಂದೊಂದಾಗಿ ಬರೆಯಲು ಅದರಲ್ಲಿ ಜಾಗ ಬಿಟ್ಟಿದ್ದಾರೆ.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯೂ ಈ ನಮೂನೆಯಲ್ಲಿದೆ. ಕೊನೆಯ ಸಾಲಿನಲ್ಲಿ, ಈ ನಿರ್ಧಾರ ಒಪ್ಪಿಗೆ ಇಲ್ಲದಿದ್ದರೆ ಮರುಪರಿಶೀಲನೆಗೆ ಇಂಥವರಿಗೆ ಮನವಿ ಸಲ್ಲಿಸಬಹುದು ಎಂದಿದ್ದು, 'ಇಂಥವರಿಗೆ' ಎಂಬಲ್ಲಿ ಖಾಲಿ ಜಾಗವಿದೆ. ಆ ಜಾಗವನ್ನು ತುಂಬಬೇಕಾದವರು ವೈದ್ಯಕೀಯ ಪ್ರಾಧಿಕಾರದವರು. ಅಂದರೆ ಎಲ್ಲಿಗೆ ಹೋಗಬೇಕು ಎಂದು ಊರೆಲ್ಲ ಕೇಳಿಕೊಂಡು ತಿರುಗಬೇಕಾದ ಕೆಲಸ ಅರ್ಜಿದಾರರದ್ದಲ್ಲ, ತಿರಸ್ಕರಿಸಿದವರೇ ದಾರಿ ಹೇಳಬೇಕು.

ಹಾಗಾಗಿ ಮೊದಲ ಹೆಜ್ಜೆ ಜಗಳವಲ್ಲ, ಒಂದು ಪುಟದ ಅರ್ಜಿ. 'ಇಂತಹ ದಿನ ನನ್ನ ಪರೀಕ್ಷೆ ನಡೆಯಿತು, ತಿರಸ್ಕಾರದ ಕಾರಣವನ್ನು ಫಾರ್ಮ್ 8ರಲ್ಲಿ ನೀಡಿ' ಎಂದು ಆಸ್ಪತ್ರೆಯ ಸೂಪರಿಂಟೆಂಡೆಂಟ್‌ಗೆ ಬರೆದು, ಇನ್ನೊಂದು ಪ್ರತಿಯ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು.

ಅರ್ಜಿ ಬಾಕಿ ಇದ್ದರೆ ಗಡುವೂ ಇದೆ. 2017ರ ನಿಯಮಗಳಲ್ಲಿ ಒಂದು ತಿಂಗಳಿದ್ದ ಅವಧಿಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನ ತಿದ್ದುಪಡಿಯಲ್ಲಿ ಮೂರು ತಿಂಗಳಿಗೆ ಹೆಚ್ಚಿಸಿದೆ. ವ್ಯವಸ್ಥೆಯ ವಿಳಂಬಕ್ಕೆ ನಿಯಮವನ್ನೇ ಸಡಿಲಿಸಿದ್ದು ಅಂಗವಿಕಲರಿಗೆ ಆದ ಲಾಭವೇನಲ್ಲ. ಆದರೆ ಮೂರು ತಿಂಗಳು ದಾಟಿದ ಮೇಲೂ ಉತ್ತರ ಬಾರದಿದ್ದರೆ ದೂರು ಕೊಡಲು ಆಧಾರವಂತೂ ಸಿಗುತ್ತದೆ.

ಎರಡು ಬಾಗಿಲು, ಎರಡು ಬೇರೆ 'ಇಲ್ಲ'

ಪಿಂಚಣಿ ತಪ್ಪಿದ್ದು ಯಾರಿಂದ ಎಂಬುದನ್ನು ಮೊದಲು ತಿಳಿಯಬೇಕು. ವೈದ್ಯರು ವೈಕಲ್ಯದ ಪ್ರಮಾಣ ಅಳೆಯುತ್ತಾರೆ. ಪಿಂಚಣಿ ಮಂಜೂರು ಮಾಡುವುದು ಜಿಲ್ಲಾಡಳಿತ. ವೈದ್ಯರು ಕೊಟ್ಟ ಶೇಕಡಾವಾರಿನ ವಿರುದ್ಧ ತಹಶೀಲ್ದಾರ್ ಕಚೇರಿಯಲ್ಲಿ ಎಷ್ಟು ಕೂಗಾಡಿದರೂ ಪ್ರಯೋಜನವಿಲ್ಲ. ಆದಾಯ ಮಿತಿ ಮೀರಿದೆ ಎಂದು ತಿರಸ್ಕೃತವಾದ ಅರ್ಜಿಯನ್ನು ಹಿಡಿದು ಆಸ್ಪತ್ರೆಗೆ ಹೋಗುವುದೂ ಹಾಗೆಯೇ.

ಆಸರಾ ಯೋಜನೆಯಲ್ಲಿ ಅಂಗವೈಕಲ್ಯ ಕನಿಷ್ಠ ಶೇ. 40 ಇರಬೇಕು, ಶ್ರವಣ ದೋಷವಾದರೆ ಶೇ. 51. ಕುಟುಂಬದ ವಾರ್ಷಿಕ ಆದಾಯ ನಗರದಲ್ಲಿ 2 ಲಕ್ಷ ರೂ., ಹಳ್ಳಿಯಲ್ಲಿ 1.5 ಲಕ್ಷ ರೂ. ಮೀರಬಾರದು. 3 ಎಕರೆಗಿಂತ ಹೆಚ್ಚು ನೀರಾವರಿ ಅಥವಾ 7.5 ಎಕರೆಗಿಂತ ಹೆಚ್ಚು ಖುಷ್ಕಿ ಜಮೀನಿದ್ದರೆ, ನಾಲ್ಕು ಚಕ್ರದ ವಾಹನವಿದ್ದರೆ, ಬೇರೆ ಸರ್ಕಾರಿ ಪಿಂಚಣಿ ಬರುತ್ತಿದ್ದರೆ ಅರ್ಜಿ ನಿಲ್ಲುತ್ತದೆ. ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಒಂದು, ಪ್ರಮಾಣಪತ್ರದಲ್ಲಿ ಇನ್ನೊಂದು ಇದ್ದರೂ ತೊಡಕಾಗುತ್ತದೆ. ಕನ್ನಡದ ಹೆಸರನ್ನು ತೆಲುಗಿನಿಂದ ಇಂಗ್ಲಿಷ್‌ಗೆ ಇಳಿಸುವಾಗ ಏನಾಗುತ್ತದೆ ಎಂಬುದು ಗಡಿ ಜಿಲ್ಲೆಗಳವರಿಗೆ ಹೇಳಬೇಕಾಗಿಲ್ಲ.

ಇಂತಹ ಕಾರಣಗಳಿಗೆ ಬೇಕಾಗಿರುವುದು ವೈದ್ಯಕೀಯ ಮೇಲ್ಮನವಿಯಲ್ಲ, ದಾಖಲೆ ಸಹಿತ ತಿದ್ದುಪಡಿ ಅರ್ಜಿ. ಹೈದರಾಬಾದ್ ಜಿಲ್ಲಾಧಿಕಾರಿ ಕಚೇರಿ ಬಹುಕಾಲ ಇದ್ದದ್ದು ಅಬಿಡ್ಸ್‌ನ ನಾಂಪಲ್ಲಿ ಸ್ಟೇಷನ್ ರಸ್ತೆಯಲ್ಲಿ. ಜಿಲ್ಲಾಧಿಕಾರಿಗಳು ಸೋಮವಾರ ನಡೆಸುವ 'ಪ್ರಜಾವಾಣಿ' ಇಂತಹ ದೂರುಗಳಿಗೆಂದೇ ಇರುವ ವೇದಿಕೆ. 2023ರ ಡಿಸೆಂಬರ್‌ನಿಂದ ಬೇಗಂಪೇಟೆಯ ಪ್ರಜಾ ಭವನದಲ್ಲೂ ಮಂಗಳವಾರ ಮತ್ತು ಶುಕ್ರವಾರ ಪ್ರಜಾವಾಣಿ ನಡೆಯುತ್ತಿದೆ. ಎರಡೂ ಕಡೆ ಅರ್ಜಿಗೆ ಸ್ವೀಕೃತಿ ಪಡೆಯದೆ ಹೊರಬರಬಾರದು.

ಮೂರನೆಯದೊಂದು ಸಂದರ್ಭವೂ ಇದೆ. ಬರುತ್ತಿದ್ದ ಪಿಂಚಣಿ ಒಮ್ಮೆಲೇ ನಿಲ್ಲುತ್ತದೆ. ಎಷ್ಟೋ ಸಲ ಇದಕ್ಕೆ ಕಾರಣ ಪ್ರಮಾಣಪತ್ರ ತಾತ್ಕಾಲಿಕವಾಗಿದ್ದು, ಅದರ ಅವಧಿ ಮುಗಿದಿರುವುದು. ಇದು ತಿರಸ್ಕಾರವಲ್ಲ. ಮೇಲ್ಮನವಿ ಹಾಕಿ ಕಾಯುವ ಬದಲು ಮರುಪರೀಕ್ಷೆಗೆ ಅರ್ಜಿ ಹಾಕಿದರೆ ಬೇಗ ಮುಗಿಯುತ್ತದೆ. ಪ್ರಮಾಣಪತ್ರದ ಮೇಲೆ 'ಶಾಶ್ವತ' ಎಂದಿದೆಯೋ 'ತಾತ್ಕಾಲಿಕ' ಎಂದಿದೆಯೋ ಎಂದು ಮನೆಯಲ್ಲೇ ಒಮ್ಮೆ ನೋಡುವುದು ಒಳ್ಳೆಯದು.

ಶೇ. 35 ಹೇಗೆ ಶೇ. 43 ಆಗಬಹುದು?

ವೈಕಲ್ಯದ ಪ್ರಮಾಣವನ್ನು ವೈದ್ಯರು ಮನಸ್ಸಿಗೆ ತೋಚಿದಂತೆ ಬರೆಯುವುದಿಲ್ಲ. ಕೇಂದ್ರ ಸರ್ಕಾರ 2018ರ ಜನವರಿ 4ರಂದು ಮೌಲ್ಯಮಾಪನ ಮಾರ್ಗಸೂಚಿ ಹೊರಡಿಸಿತು, 2024ರ ಮಾರ್ಚ್‌ನಲ್ಲಿ ಅದನ್ನು ಪರಿಷ್ಕರಿಸಿತು. ಯಾವ ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿನ ಬಲ ಎಷ್ಟಿದೆ, ಕಿವಿ ಎಷ್ಟು ಡೆಸಿಬಲ್‌ಗೆ ಕೇಳುತ್ತದೆ ಎಂಬುದಕ್ಕೆಲ್ಲ ಅಂಕಗಳಿವೆ. ಆದ್ದರಿಂದ 'ನನಗೆ ತುಂಬಾ ಕಷ್ಟವಾಗುತ್ತಿದೆ' ಎಂದಷ್ಟೇ ಬರೆದ ಮೇಲ್ಮನವಿ ಸೋಲುತ್ತದೆ. 'ಇಂತಹ ಭಾಗವನ್ನು ಅಳೆದಿಲ್ಲ' ಎಂದು ತೋರಿಸುವ ಮೇಲ್ಮನವಿಗೆ ಬಲವಿರುತ್ತದೆ.

ಹೆಚ್ಚಾಗಿ ಕೈತಪ್ಪುವುದು ಒಂದಕ್ಕಿಂತ ಹೆಚ್ಚು ವೈಕಲ್ಯ ಇರುವವರ ಲೆಕ್ಕ. ಮೂಳೆ ತಜ್ಞರು ಕಾಲನ್ನು ಮಾತ್ರ ನೋಡುತ್ತಾರೆ. ಕಣ್ಣಿಗೋ ಕಿವಿಗೋ ಆದ ತೊಂದರೆಯನ್ನು ಆ ಕೋಣೆಯಲ್ಲಿ ಯಾರೂ ಕೇಳುವುದಿಲ್ಲ, ಅರ್ಜಿದಾರರೂ ಹೇಳುವುದಿಲ್ಲ. ಮಾರ್ಗಸೂಚಿಯಲ್ಲಿ ಎರಡನ್ನೂ ಸೇರಿಸುವ ಸೂತ್ರವಿದೆ. ಅದು ಸರಳ ಕೂಡಿಕೆಯಲ್ಲ. 90ರಿಂದ ದೊಡ್ಡ ಸಂಖ್ಯೆಯನ್ನು ಕಳೆದು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಸಂಖ್ಯೆಗೆ ಸೇರಿಸಬೇಕು.

ಒಂದು ವೈಕಲ್ಯ ಶೇ. 30, ಇನ್ನೊಂದು ಶೇ. 20 ಎಂದುಕೊಂಡರೆ 90ರಲ್ಲಿ 30 ಕಳೆದು ಉಳಿಯುವುದು 60. ಅದನ್ನು 20ರಿಂದ ಗುಣಿಸಿದರೆ 1,200, 90ರಿಂದ ಭಾಗಿಸಿದರೆ 13.3. ಒಟ್ಟು ಶೇ. 43.3. ಒಂದೊಂದಾಗಿ ನೋಡಿದರೆ ಎರಡೂ 40ರ ಗೆರೆ ದಾಟುವುದಿಲ್ಲ. ಸೇರಿಸಿದರೆ ದಾಟುತ್ತವೆ. ಆರಂಭದಲ್ಲಿ ಹೇಳಿದ ಕಾರ್ಮಿಕನ ಕಾಲಿನ ಶೇ. 35ಕ್ಕೆ, ಅದೇ ಅಪಘಾತದಲ್ಲಿ ಕಿವಿಗೆ ಆದ ಹಾನಿ ಶೇ. 14 ಎಂದು ಅಳತೆಯಾದರೂ ಸಾಕು, ಒಟ್ಟು ಮೊತ್ತ ಶೇ. 43 ದಾಟುತ್ತದೆ. ಆದರೆ ಪ್ರತಿ ವೈಕಲ್ಯವನ್ನೂ ಆಯಾ ವಿಭಾಗದ ತಜ್ಞರು ಅಳೆದಿರಬೇಕು. ಅಬಿಡ್ಸ್‌ಗೆ ಹತ್ತಿರದ ಕೋಠಿಯಲ್ಲೇ ಸರ್ಕಾರಿ ಇಎನ್‌ಟಿ ಆಸ್ಪತ್ರೆ ಇದೆ, ಕಣ್ಣಿಗೆ ಮೆಹದಿಪಟ್ಟಣಂನ ಸರೋಜಿನಿ ದೇವಿ ಆಸ್ಪತ್ರೆ ಇದೆ. ಮೇಲ್ಮನವಿಯಲ್ಲಿ 'ಬಹುವೈಕಲ್ಯ ಮೌಲ್ಯಮಾಪನ ನಡೆಸಬೇಕು' ಎಂದು ಸ್ಪಷ್ಟವಾಗಿ ಕೇಳಬೇಕು.

ಮಾನಸಿಕ ಕಾಯಿಲೆಯ ಸಂದರ್ಭ ಇನ್ನೂ ಸೂಕ್ಷ್ಮ. ಇಲ್ಲಿ ಬಳಸುವ ಅಳತೆಗೋಲಿನ ಹೆಸರು 'ಐಡಿಯಾಸ್'. ಸ್ವಂತ ಆರೈಕೆ, ಇತರರೊಂದಿಗಿನ ಸಂಬಂಧ, ಸಂವಹನ ಹಾಗೂ ಕೆಲಸ ಎಂಬ ನಾಲ್ಕು ವಿಷಯಗಳಿಗೂ ಕಾಯಿಲೆಯ ಅವಧಿಗೂ ಅಂಕ ಕೊಡುತ್ತಾರೆ. ಒಟ್ಟು 20ರಲ್ಲಿ 7 ಬಂದರೆ ಶೇ. 40 ಎಂದು ಲೆಕ್ಕ. ಪರೀಕ್ಷೆಯ ದಿನ ವ್ಯಕ್ತಿ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅಂಕ ಕಡಿಮೆಯಾಗುವುದು ಸಹಜ. ಆ ಸ್ನಾನದ ಹಿಂದೆ ತಾಯಿಯ ಎರಡು ಗಂಟೆಯ ಹೆಣಗಾಟ ಇತ್ತೆಂಬುದು ವೈದ್ಯರಿಗೆ ಹೇಗೆ ಗೊತ್ತಾಗಬೇಕು? ಜೊತೆಗೆ ಹೋಗುವವರು ಮಾತನಾಡಬೇಕಾದದ್ದು ಇಂತಹ ಕಡೆ. ಎಷ್ಟು ಕೆಲಸ ಬಿಟ್ಟರು, ಎಂದಿನಿಂದ ಬಿಟ್ಟರು, ಔಷಧ ತಪ್ಪಿದಾಗ ಏನಾಯಿತು ಎಂಬುದನ್ನು ದಿನಾಂಕ ಸಮೇತ ಬರೆದುಕೊಂಡು ಹೋದರೆ ನೆರವಾಗುತ್ತದೆ.

ಇನ್ನು ಕೆಲವರಿಗೆ ಹಳೆಯ ತಿರಸ್ಕಾರವೇ ಈಗ ಅಡ್ಡಿಯಲ್ಲ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಷ್ಟೇ ಇದ್ದವು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಈ ಸಂಖ್ಯೆ 21. ಪಾರ್ಕಿನ್ಸನ್, ಥಲಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆ, ಆಸಿಡ್ ದಾಳಿಯ ಗಾಯ ಇವೆಲ್ಲ ಪಟ್ಟಿಗೆ ಸೇರಿವೆ. ಹಿಂದೆ 'ನಿಮ್ಮದು ಪಟ್ಟಿಯಲ್ಲಿಲ್ಲ' ಎಂದು ವಾಪಸಾದವರು ಮೇಲ್ಮನವಿಯ ಗೊಡವೆಗೆ ಹೋಗದೆ ಹೊಸ ಅರ್ಜಿ ಹಾಕಬಹುದು.

ಮೇಲ್ಮನವಿ ಯಾರಿಗೆ?

ಕಾಯ್ದೆಯ ಸೆಕ್ಷನ್ 59 ಮೇಲ್ಮನವಿಯ ಹಕ್ಕು ಕೊಡುತ್ತದೆ. ಯಾರಿಗೆ, ಎಷ್ಟು ದಿನದೊಳಗೆ, ಹೇಗೆ ಎಂಬುದನ್ನು ನಿಗದಿ ಮಾಡುವ ಅಧಿಕಾರ ಆಯಾ ರಾಜ್ಯ ಸರ್ಕಾರಕ್ಕೆ ಬಿಟ್ಟಿದ್ದು. ಅದಕ್ಕೇ ಒಂದು ರಾಜ್ಯದಲ್ಲಿ ಕೇಳಿದ ಸಲಹೆ ಇನ್ನೊಂದು ರಾಜ್ಯದಲ್ಲಿ ಕೆಲಸಕ್ಕೆ ಬರುವುದಿಲ್ಲ. ಫಾರ್ಮ್ 8ರ ಖಾಲಿ ಜಾಗದ ಮಹತ್ವ ಇರುವುದೂ ಇಲ್ಲೇ. ಪ್ರಮಾಣಪತ್ರ ಸಿಕ್ಕಿದ್ದರೂ ಅದರಲ್ಲಿನ ಪ್ರಮಾಣ ಕಡಿಮೆ ಎನಿಸಿದರೆ ಈ ಸೆಕ್ಷನ್ ಬಳಸಬಹುದು. ಏಕೆಂದರೆ ಕಾಯ್ದೆ ಹೇಳುವುದು ಪ್ರಾಧಿಕಾರದ 'ನಿರ್ಧಾರ'ದ ವಿರುದ್ಧ ಮೇಲ್ಮನವಿ ಎಂದು. ಶೇ. 35 ಎಂದು ಬರೆದದ್ದೂ ನಿರ್ಧಾರವೇ.

ಅಂಕಪಟ್ಟಿಯೇ ಕೈಗೆ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ತನ್ನದೇ ಪರೀಕ್ಷೆಯ ಕೇಸ್ ಶೀಟ್ ಹಾಗೂ ಅಂಕಗಳ ಹಾಳೆಯನ್ನು ಅರ್ಜಿದಾರ ಕೇಳಿ ಪಡೆಯಬಹುದು. 30 ದಿನದಲ್ಲಿ ಉತ್ತರ ಬರಬೇಕು. ಬಿಪಿಎಲ್ ಕುಟುಂಬಗಳಿಗೆ ಶುಲ್ಕವಿಲ್ಲ.

ವೈದ್ಯಕೀಯ ಮಂಡಳಿಗಳು ಕಾರಣ ಕೊಡಬೇಕು ಎಂಬುದನ್ನು ಸುಪ್ರೀಂ ಕೋರ್ಟ್ ಕೂಡ ಒತ್ತಿ ಹೇಳಿದೆ. 2024ರ ಅಕ್ಟೋಬರ್ 15ರ ಓಂಕಾರ್ ಗೊಂಡ್ ತೀರ್ಪು ವೈದ್ಯಕೀಯ ಸೀಟಿಗೆ ಸಂಬಂಧಿಸಿದ್ದು. ಅಲ್ಲಿ ಸಮಸ್ಯೆ ತಿರುವುಮುರುವಾಗಿತ್ತು. ಶೇ. 40ಕ್ಕಿಂತ ಹೆಚ್ಚು ಮಾತಿನ ವೈಕಲ್ಯ ಇದೆ ಎಂಬ ಒಂದೇ ಕಾರಣಕ್ಕೆ ಎಂಬಿಬಿಎಸ್ ಸೀಟು ನಿರಾಕರಿಸಲಾಗಿತ್ತು. ಅಂಕವೊಂದನ್ನೇ ನೋಡಿ ಬಾಗಿಲು ಹಾಕುವಂತಿಲ್ಲ, ಮಂಡಳಿ ತನ್ನ ಅಭಿಪ್ರಾಯಕ್ಕೆ ಕಾರಣ ದಾಖಲಿಸಬೇಕು ಎಂದು ಕೋರ್ಟ್ ಹೇಳಿತು. ಮೇಲ್ಮನವಿ ಸಂಸ್ಥೆ ರಚನೆಯಾಗುವವರೆಗೆ ಇಂತಹ ಅಭಿಪ್ರಾಯವನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂದೂ ತಿಳಿಸಿತು. ಇದು ಪಿಂಚಣಿ ಪ್ರಕರಣವಲ್ಲ. ಆದರೂ 'ಕಾರಣ ಬರೆಯದ ತಿರಸ್ಕಾರ ನಿಲ್ಲುವುದಿಲ್ಲ' ಎಂದು ವಾದಿಸುವವರಿಗೆ ಉಪಯೋಗಕ್ಕೆ ಬರುವ ತೀರ್ಪು.

ಮೇಲ್ಮನವಿಗೂ ಉತ್ತರ ಸಿಗದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ನೀಡಬಹುದು. ತೆಲಂಗಾಣದ ಅಂಗವಿಕಲರ ಕಲ್ಯಾಣ ಇಲಾಖೆಯ ಕಚೇರಿ ಮಲಕ್‌ಪೇಟೆಯಲ್ಲಿದೆ. ಸಾಕ್ಷಿಗಳನ್ನು ಕರೆಸುವುದು, ದಾಖಲೆ ತರಿಸುವುದು ಮುಂತಾದ ಸಿವಿಲ್ ನ್ಯಾಯಾಲಯದ ಅಧಿಕಾರ ಆಯುಕ್ತರಿಗೆ ಇದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಇಲಾಖೆ ಮೂರು ತಿಂಗಳಲ್ಲಿ ಕ್ರಮದ ವಿವರ ತಿಳಿಸಬೇಕು. ಆದರೆ ಅದು ಶಿಫಾರಸು ಮಾತ್ರ ಎಂಬುದನ್ನು ನೆನಪಿಡಬೇಕು. ಕಟ್ಟಕಡೆಯ ದಾರಿ ಹೈಕೋರ್ಟಿನ ರಿಟ್ ಅರ್ಜಿ. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಸೆಕ್ಷನ್ 12ರ ಪ್ರಕಾರ ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ 15100.

ಬೇರೆ ದೇಶಗಳಲ್ಲಿ ಈ ಹಂತಗಳು ಹೆಚ್ಚು ಸ್ಪಷ್ಟ. ಅಮೆರಿಕದಲ್ಲಿ ತಿರಸ್ಕಾರದ ಪತ್ರ ತಲುಪಿದ 60 ದಿನದೊಳಗೆ, ಬ್ರಿಟನ್‌ನಲ್ಲಿ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬೇಕು ಎಂದು ಪತ್ರದಲ್ಲೇ ಮುದ್ರಿಸಿರುತ್ತಾರೆ. ನಮ್ಮಲ್ಲಿ ಪತ್ರವನ್ನೇ ಕೇಳಿ ಪಡೆಯಬೇಕು.

ಕರ್ನಾಟಕದ ಪ್ರಮಾಣಪತ್ರ ಹೈದರಾಬಾದ್‌ನಲ್ಲಿ ನಡೆಯುತ್ತದೆಯೇ?

ನಡೆಯುತ್ತದೆ, ಆದರೆ ಅರ್ಧ ದೂರ ಮಾತ್ರ. ಸೆಕ್ಷನ್ 58ರ ಪ್ರಕಾರ ಒಂದು ರಾಜ್ಯದ ಅಂಗವೈಕಲ್ಯ ಪ್ರಮಾಣಪತ್ರ ದೇಶದಾದ್ಯಂತ ಮಾನ್ಯ. ಬೀದರ್‌ನಲ್ಲಿ ಕೊಟ್ಟ ಶೇ. 50 ಹೈದರಾಬಾದ್‌ನಲ್ಲಿ ಶೇ. 30 ಆಗುವಂತಿಲ್ಲ. ಆದರೆ ಪಿಂಚಣಿ ರಾಜ್ಯ ಸರ್ಕಾರದ ಹಣ. ಅದಕ್ಕೆ ಆ ರಾಜ್ಯದ ವಾಸದ ದಾಖಲೆ ಬೇಕು. ಎರಡೂ ಕಡೆ ಪಿಂಚಣಿ ಪಡೆಯುವುದಂತೂ ಸಲ್ಲದು. ಮೋಸದಿಂದ ಸೌಲಭ್ಯ ಪಡೆದರೆ ಸೆಕ್ಷನ್ 91ರಡಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು. 'ಶೇ. 40 ಮಾಡಿಸಿಕೊಡುತ್ತೇವೆ' ಎನ್ನುವ ಮಧ್ಯವರ್ತಿಗೆ ದುಡ್ಡು ಕೊಡುವ ಮೊದಲು ಇದನ್ನು ಯೋಚಿಸಬೇಕು.

ತೆಲಂಗಾಣ ಬಹುಕಾಲ 'ಸದರೆಂ' ಎಂಬ ತನ್ನದೇ ವ್ಯವಸ್ಥೆಯಲ್ಲಿ, ಮೀಸೇವಾ ಕೇಂದ್ರದಲ್ಲಿ ಸ್ಲಾಟ್ ಬುಕ್ ಮಾಡಿಸಿ ಪ್ರಮಾಣಪತ್ರ ಕೊಡುತ್ತಿತ್ತು. 2025ರಲ್ಲಿ ಅದೂ ಕೇಂದ್ರದ ಯುಡಿಐಡಿ ಪೋರ್ಟಲ್‌ಗೆ ಬಂದಿದೆ. ಗಡಿ ದಾಟಿ ಬಂದವರಿಗೆ ಇದರಿಂದ ಅನುಕೂಲ. ಯುಡಿಐಡಿ ಕಾರ್ಡಿನ ಬಣ್ಣದಲ್ಲೇ ಪ್ರಮಾಣ ಗೊತ್ತಾಗುತ್ತದೆ: ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, ಅದಕ್ಕೂ ಮೇಲೆ ನೀಲಿ. ಬಿಳಿ ಕಾರ್ಡ್ ಬಂದಿದೆ ಎಂದರೆ ಪಿಂಚಣಿ ಬಾಗಿಲು ಸದ್ಯಕ್ಕೆ ಮುಚ್ಚಿದೆ ಎಂದೇ ಅರ್ಥ.

ಹೈದರಾಬಾದ್‌ನಲ್ಲಿ ಚಿಕಿತ್ಸೆ ಪಡೆಯುವ ಬೀದರ್, ಯಾದಗಿರಿ ಕಡೆಯವರಿಗೆ ಇನ್ನೊಂದು ಅವಕಾಶವಿದೆ. 2017ರ ನಿಯಮಗಳ ಪ್ರಕಾರ ವಾಸವಿರುವ ಜಿಲ್ಲೆಯಲ್ಲಿ ಮಾತ್ರವಲ್ಲ, ವೈಕಲ್ಯಕ್ಕೆ ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯಲ್ಲೂ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಉಸ್ಮಾನಿಯಾ ಆಸ್ಪತ್ರೆಯಲ್ಲಿ ಆಪರೇಷನ್ ಆದವರ ಪೂರ್ತಿ ಫೈಲು ಅಲ್ಲೇ ಇರುತ್ತದೆ. ಡಿಸ್ಚಾರ್ಜ್ ಸಾರಾಂಶ ಕಳೆದಿದ್ದರೆ ಅದರ ದಾಖಲೆ ವಿಭಾಗದಲ್ಲಿ ಕೇಳಬಹುದು.

ಊರಲ್ಲೇ ಉಳಿದವರಿಗೆ ಕರ್ನಾಟಕದ ಮೊತ್ತ ಕಡಿಮೆ. ಶೇ. 40 ದಾಟಿದರೆ 800 ರೂ., ಶೇ. 75 ದಾಟಿದರೆ 1,400 ರೂ. ಆದರೆ ಅರ್ಜಿ ಸಲ್ಲಿಸುವ ನಾಡಕಚೇರಿಯಲ್ಲಿ ಸಕಾಲ ಎಂಬ ಅನುಕೂಲವಿದೆ. ಅರ್ಜಿಗೆ 15 ಅಂಕಿಯ ಸಂಖ್ಯೆ ಸಿಗುತ್ತದೆ. ತಿರಸ್ಕೃತವಾದರೆ ಅಥವಾ ಗಡುವು ಮೀರಿದರೆ ಅದೇ ಸಂಖ್ಯೆ ಹಿಡಿದು 30 ದಿನದೊಳಗೆ ಮೇಲ್ಮನವಿ ಹಾಕಬಹುದು. ತಡವಾದದ್ದಕ್ಕೆ ದಿನಕ್ಕೆ 20 ರೂ.ನಂತೆ 500 ರೂ.ವರೆಗೆ ಪರಿಹಾರವೂ ಇದೆ. ಕೇಂದ್ರದ ಇಂದಿರಾ ಗಾಂಧಿ ಅಂಗವೈಕಲ್ಯ ಪಿಂಚಣಿಯ ಷರತ್ತು ಇನ್ನೂ ಬಿಗಿ. ಅದು ಬಿಪಿಎಲ್ ಕುಟುಂಬದ, ಶೇ. 80 ಹಾಗೂ ಹೆಚ್ಚು ವೈಕಲ್ಯ ಇರುವವರಿಗೆ ಮಾತ್ರ. ಕೇಂದ್ರ ಕೊಡುವುದು ತಿಂಗಳಿಗೆ 300 ರೂ., 80 ವರ್ಷ ದಾಟಿದವರಿಗೆ 500 ರೂ.

ನೆರೆಯ ಆಂಧ್ರದಲ್ಲಿ ಏನಾಯಿತು?

ಮೇಲ್ಮನವಿಯ ಬೆಲೆ ಏನೆಂಬುದು ಆಂಧ್ರಪ್ರದೇಶದಲ್ಲಿ 2025ರಲ್ಲಿ ಕಂಡಿತು. ಅಲ್ಲಿ ಅಂಗವಿಕಲರ ಪಿಂಚಣಿ 6,000 ರೂ. ಸರ್ಕಾರ ಹಳೆಯ ಫಲಾನುಭವಿಗಳನ್ನೇ ಮತ್ತೆ ಪರೀಕ್ಷೆಗೆ ಕರೆಯಿತು. ಪ್ರಮಾಣ ಶೇ. 40ಕ್ಕಿಂತ ಕಡಿಮೆ ಎಂದು ಆಗಸ್ಟ್ ವೇಳೆಗೆ ಭಾರಿ ಸಂಖ್ಯೆಯಲ್ಲಿ ನೋಟಿಸ್‌ಗಳು ಹೋದವು. ನಕಲಿ ಪ್ರಮಾಣಪತ್ರ ಹೊಂದಿದವರು ಇದ್ದದ್ದು ನಿಜ. ವರ್ಷಗಳಿಂದ ಹಾಸಿಗೆ ಹಿಡಿದವರ ಮನೆಗೂ ನೋಟಿಸ್ ಹೋಗಿದೆ ಎಂಬ ದೂರುಗಳೂ ಬಂದವು. ಪ್ರತಿಭಟನೆಗಳಾದ ಮೇಲೆ ಸರ್ಕಾರ ಮೇಲ್ಮನವಿ ಹಾಗೂ ಮರುಪರೀಕ್ಷೆಗೆ ಅವಕಾಶ ನೀಡಿತು. ಆಗ ಸುಲಭವಾಗಿ ಅರ್ಜಿ ಹಾಕಲು ಸಾಧ್ಯವಿದ್ದದ್ದು ನೋಟಿಸ್ ಕೈಯಲ್ಲಿದ್ದವರಿಗೆ. ಎಷ್ಟು ಪ್ರಮಾಣ, ಯಾವ ಆಸ್ಪತ್ರೆ, ಯಾವ ದಿನ ಎಂಬುದೆಲ್ಲ ಅದರಲ್ಲೇ ಇತ್ತು.

ಅಬಿಡ್ಸ್‌ನಲ್ಲಿ ಮೇಲ್ಮನವಿ ಸಿದ್ಧಪಡಿಸಿದವರು ಹೆಚ್ಚು ದೂರ ಹೋಗಬೇಕಿಲ್ಲ. ತೆಲುಗು ಬರೆಯಲು ಬಾರದಿದ್ದರೆ ಇಂಗ್ಲಿಷ್‌ನಲ್ಲಿ ಬರೆಯಬಹುದು. ತೆಲಂಗಾಣದಲ್ಲಿ ಉರ್ದು ಎರಡನೇ ಅಧಿಕೃತ ಭಾಷೆಯಾದ್ದರಿಂದ ಹಳೆಯ ಹೈದರಾಬಾದ್ ಸೀಮೆಯ ಹಿರಿಯರಿಗೆ ಆ ದಾರಿಯೂ ಇದೆ. ಮೂಲ ದಾಖಲೆಗಳನ್ನು ಮನೆಯಲ್ಲೇ ಇಟ್ಟು ಜೆರಾಕ್ಸ್ ಪ್ರತಿಗಳನ್ನಷ್ಟೇ ಲಗತ್ತಿಸಬೇಕು. ಕೌಂಟರ್‌ನಲ್ಲಿ ಸೀಲು ಹಾಕಿಕೊಡಲು ಒಪ್ಪದಿದ್ದರೆ, ಅಬಿಡ್ಸ್ ವೃತ್ತದ ಜಿಪಿಒದಿಂದ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡರೆ ಸಾಕು. ರಸೀದಿಯ ಮೇಲಿನ ಸಂಖ್ಯೆಯಿಂದ ಲಕೋಟೆ ಯಾವ ದಿನ ತಲುಪಿತು ಎಂಬುದನ್ನು ಅಂಚೆ ಇಲಾಖೆಯ ವೆಬ್‌ಸೈಟ್‌ನಲ್ಲಿ ನೋಡಿ, ಆ ಪುಟವನ್ನೂ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಬೇಕು.